ಗಂಜಿಯ ಬಟ್ಟಲು

ಪಕ್ಕದವನು ಮೂಗು ಮುಚ್ಚಿಕೊಂಡ, ಮುಚ್ಚಿಕೊಳ್ಳಲಿ, ಬಾಂದ್ರಾದಿಂದ ಗೋರೆಗಾಂವ್‌ವರೆಗೆ ಲೋಕಲ್ ರೈಲಿನಲ್ಲಿ ಎಷ್ಟು ಮೂಗುಗಳಿಗೆ ಉತ್ತರ ಹೇಳಲಿ, ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ, ಆದರೂ ಬಾಯಿ ತೆರೆದರೆ ಹೆಂಡದ ಗಡಂಗಿನ ವಾಸನೆ — ನಾನು ದುಡಿಯುವ ಹೋಟೆಲಿನ ಧನರಾಜ್ ಶೆಟ್ರು ದೋಸೆ ಕಾವಲಿಯ ಮುಂದಿನಿಂದ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು, ಸದಾನಂದ, ನೀನು ಮನೆಗೆ ಹೋಗು ಮಾರಾಯ, ಕಸ್ಟಮರ್ ಎದುರು ಬೇಡ. ತಲೆ ತಿರುಗುತ್ತಿದ್ದದ್ದು ನಿಜ, ನಾಲಗೆ ತೊದಲಿದ್ದೂ ನಿಜ, ಹಾಳಾದದ್ದು, ಅದಕ್ಕೇ ಸಿಟ್ಟು, ಕುಡಿದವನಾಗಿದ್ದರೆ ಒಪ್ಪಿಕೊಂಡು ಬಿಡಬಹುದಿತ್ತು. ವಿನೋದಿನಿ ಬೈಯುವುದನ್ನೂ ಬಿಟ್ಟಿದ್ದಾಳೆ, ಕಟ್ಟಿಕೊಂಡ ಹೆಂಡತಿ ಬೈಯದಿದ್ದರೆ ಹೆದರಬೇಕು, ಹೊಟ್ಟೆ ತಂಪಾಗಲಿ ಎಂದು ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಸ್ಟೀಲಿನ ಬಟ್ಟಲು, ನಡುವೆ ಒಂದು ಮಾವಿನ ಮಿಡಿ, ನಮ್ಮಲ್ಲಿ ಜ್ವರಕ್ಕೂ ಗಂಜಿ, ಅಜೀರ್ಣಕ್ಕೂ ಗಂಜಿ, ಅಮಲಿಗೂ ಗಂಜಿಯೇ, ನಾನೂ ಬಾಯಿ ಮುಚ್ಚಿಕೊಂಡು ಉಂಡೆ, ಉಂಡಷ್ಟೂ ತೂರಾಡಿದೆ. ಇವತ್ತು ಡಾಕ್ಟರಮ್ಮ ಗ್ಲುಕೋಸ್ ಕುಡಿಸಿ ಕಣ್ಣೆದುರೇ ಕೂರಿಸಿಕೊಂಡು ರಕ್ತ ತೆಗೆದಳು, ಕುಡಿಯದೆಯೇ ರಕ್ತದಲ್ಲಿ ಮದ್ಯ ಏರಿದ್ದು ನೋಡಿ ಹೇಳಿದಳು, ಹಲ್ಲಿನ ಕೀವಿಗೆಂದು ತಿಂಗಳುಗಟ್ಟಲೆ ಆಂಟಿಬಯೋಟಿಕ್ ನುಂಗಿದ್ದೀರಿ, ಹೊಟ್ಟೆಯಲ್ಲಿ ಯೀಸ್ಟ್ ಬೆಳೆದಿದೆ, ತಿಂದ ಅನ್ನವನ್ನು ಅದು ಮದ್ಯ ಮಾಡುತ್ತಿದೆ, ಗುಳಿಗೆ ತಗೊಳ್ಳಿ, ಚಾವಲ್ ಬಂದ್, ಶಕ್ಕರ್ ಬಂದ್, ಅನ್ನ, ಗಂಜಿ, ಸಕ್ಕರೆ ಮುಟ್ಟಲೇಬೇಡಿ — ದೋಸೆ ಹಿಟ್ಟು ಹುಳಿ ಬಂದದ್ದನ್ನು ದೂರದಿಂದಲೇ ಮೂಸಿ ಹೇಳುವ ನನಗೆ ನನ್ನ ಹೊಟ್ಟೆಯದು ತಿಳಿಯಲಿಲ್ಲ. ತಿಳಿದು ಏನು, ನಾಳೆ ವಿನೋದಿನಿ ಮಗಳನ್ನು ಕರೆದುಕೊಂಡು ತಮ್ಮನ ಮನೆಗೆ ಕಾರ್ಕಳಕ್ಕೆ ಹೊರಟಿದ್ದಾಳೆ, ಹೋದರೆ ಬರುವವಳಲ್ಲ, ಅವಳು ನಂಬಬೇಕು, ಅಷ್ಟೇ, ಉಳಿದ ಮುಂಬಯಿ ನಂಬದಿದ್ದರೆ ಬೆಂಕಿ ಬಿತ್ತು.

ಚಾಳಿನ ಮನೆಯ ಬಾಗಿಲಲ್ಲೇ ಕಟ್ಟಿಟ್ಟ ಬ್ಯಾಗು, ದಾಟಿ ಒಳಗೆ ಬಂದೆ, ಯೀಸ್ಟ್ ಎಂದೆ, ಗುಳಿಗೆ ತೋರಿಸಿದೆ, ವಿನೋದಿನಿ ಕೇಳಿದಳು, ಅನ್ನದಿಂದ ಅಮಲು ಬರುದಾ, ಕೇಳಿದವರು ನಗುದಿಲ್ವಾ, ನಿಮ್ಮ ಡಾಕ್ಟ್ರು ನಂಗೆ ಬೇಡ, ಇಗೊಳ್ಳಿ, ಈ ಗಂಜಿ ಮುಟ್ಟಿ ಹೇಳಿ, ಕುಡಿದಿಲ್ಲಾಂತ. ಅನ್ನ ಮುಟ್ಟಿ ಸುಳ್ಳು ಹೇಳುವವನಲ್ಲ ನಾನು, ಅದು ಅವಳಿಗೂ ಗೊತ್ತು, ಬೆರಳು ಅದ್ದುತ್ತೇನೆ, ಬಿಸಿ, ಕುಡಿದಿಲ್ಲ ವಿನೂ, ಒಂದು ತೊಟ್ಟೂ ಇಲ್ಲ — ಎಷ್ಟು ತಿಂಗಳ ಮೇಲೆ ಅವಳ ಮುಖ ಸಡಿಲವಾಯಿತು, ಪಪ್ಪಾ, ಸಚ್ಚಿ, ನಿಜವಾ, ಎನ್ನುತ್ತಾಳೆ ಮಗಳು ಶ್ರಾವ್ಯಾ, ಬ್ಯಾಗಿನ ಜಿಪ್ಪು ಬಿಚ್ಚುವ ಸದ್ದು, ಇನ್ನೇನು ಬೇಕು ನನಗೆ, ಹಾಗಾದ್ರೆ ಉಣ್ಣಿ, ಆಣೆ ಹಾಕಿ ಮುಟ್ಟಿದ ಅನ್ನ ಬಿಡ್ಲಿಕ್ಕಿಲ್ಲ, ಎನ್ನುತ್ತಾ ವಿನೋದಿನಿ ಬಟ್ಟಲನ್ನು ಹತ್ತಿರ ಸರಿಸುತ್ತಾಳೆ, ನಗುತ್ತಾಳೆ, ಚಾವಲ್ ಬಂದ್, ಉಂಡರೆ ಮತ್ತೆ ಅಮಲು, ಉಣ್ಣದಿದ್ದರೆ ಆಣೆ ಸುಳ್ಳು, ನಗುತ್ತಿದ್ದಾಳೆ, ಬಿಸಿ ಗಂಜಿ, ನಡುವೆ ಮಾವಿನ ಮಿಡಿ, ಸ್ಟೀಲಿನ ಬಟ್ಟಲು, ಬಟ್ಟಲು