ಮುಂಗಡ ಸಾಕ್ಷಿ

ಭಾನುವಾರ ಬೆಳಿಗ್ಗೆ ಬಿನ್ನಿಪೇಟೆಯ ಮನೆಯಲ್ಲಿ ಸುಗಂಧಮ್ಮ ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ದೇವಸಹಾಯ ಮಂಚದಂಚಿಗೆ ಕುಳಿತು ಎಡಗಾಲಿಗೆ ಕಾಲುಚೀಲ ಏರಿಸಲು ಹೆಣಗುತ್ತಿದ್ದ. ಹೆಬ್ಬೆರಳಿನ ಗಾಯ ಕಪ್ಪಾಗಿತ್ತು. ಊತ ಕಣಕಾಲು ದಾಟಿತ್ತು.

ಅವರ ಪ್ರಾರ್ಥನಾ ಮಂದಿರದಲ್ಲಿ ಈಚೆಗೆ ಒಂದು ಪದ್ಧತಿ ಬೆಳೆದಿತ್ತು. ಕಾಯಿಲೆ ಬಿದ್ದವರು ಗುಣವಾಗುವ ಮೊದಲೇ ಸಭೆಯ ಮುಂದೆ ನಿಂತು 'ಗುಣವಾಯಿತು' ಎಂದು ಸಾಕ್ಷಿ ಹೇಳಬೇಕು. ಹೇಳಿದ ಮೇಲೆ ಔಷಧಿ ಮುಟ್ಟಬಾರದು. ಪೈರು ನೆಡುವ ಮುಂಚೆಯೇ ರಾಶಿಪೂಜೆ ಮಾಡಿದ ಹಾಗೆ. ಚಾಮರಾಜಪೇಟೆಯಲ್ಲಿ ಬುಕ್ ಬೈಂಡಿಂಗ್ ಮಾಡುವ ದೇವಸಹಾಯ ಇದರಲ್ಲಿ ಎತ್ತಿದ ಕೈ. ಹೋದ ವರ್ಷ ಗಂಡನನ್ನು ಮಣ್ಣು ಮಾಡಿ ಬಂದ ಸಲೋಮಿಗೆ, "ನಿಮ್ಮನೇಲಿ ವಿಶ್ವಾಸ ಸಾಲ್ದೇ ಹೋಯ್ತಮ್ಮ" ಎಂದವನು ಅವನೇ. ತಿಂಗಳ ಹಿಂದೆ ತನ್ನ ಸಕ್ಕರೆ ಕಾಯಿಲೆಗೂ ಸಾಕ್ಷಿ ಹೇಳಿ ಇನ್ಸುಲಿನ್ ನಿಲ್ಲಿಸಿದ್ದ.

"ಅಡ್ಮಿಟ್ ಮಾಡಿ ಅಂತ ಡಾಕ್ಟ್ರು ಮೂರು ದಿನದಿಂದ ಬಡ್ಕೊಳ್ತಿದಾರೆ ಕಣ್ರೀ."

"ಇದು ಪರೀಕ್ಷೆ ಕಣೇ. ಊರೋರೆಲ್ಲ ಬಿದ್ರೂ ನಾನು ಬೀಳಲ್ಲ."

"ದೇವ್ರು ಬಿದ್ದೋರನ್ನ ಎತ್ತೋನು. ಬೀಳೋದೇ ಇಲ್ಲ ಅನ್ನೋರನ್ನ ಅವ್ನಾದ್ರೂ ಹೆಂಗೆ ಎತ್ತಾನೆ?"

"ಓಹೋ, ಪ್ರಸಂಗ ಶುರು ಮಾಡಿದ್ಳು! ಅಂಗಿ ಕೊಡು."

ಮಂದಿರ ಎರಡೇ ಬೀದಿ ಆಚೆ. ಅಷ್ಟು ದೂರಕ್ಕೆ ಅವನು ನಾಲ್ಕು ಕಡೆ ಗೋಡೆ ಹಿಡಿದು ನಿಂತ. ಹಾಡು ಮುಗಿದು ಸಾಕ್ಷಿಯ ಹೊತ್ತು ಬಂದಾಗ ಕುರ್ಚಿ ಬಿಟ್ಟು ಏಳಲು ನೋಡಿದ, ಆಗಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು.

ಪಾಸ್ಟರು ನಕ್ಕು ಮೈಕನ್ನು ಸುಗಂಧಮ್ಮನ ಕಡೆ ಚಾಚಿದರು. "ಬನ್ನಿ ಸಿಸ್ಟರ್, ಯಜಮಾನ್ರು ಗುಣವಾಗಿರೋದನ್ನ ನೀವೇ ಸಾರಿ."

ಅವಳು ಎದ್ದು ಮೈಕು ತೆಗೆದುಕೊಂಡಳು. ಇಪ್ಪತ್ತು ವರ್ಷ ಈ ಸಭೆಯಲ್ಲಿ ಆಮೆನ್ ಬಿಟ್ಟು ಬೇರೆ ಮಾತಾಡಿದವಳಲ್ಲ.

"ಗುಣ ಆಗಿಲ್ಲ ಪಾಸ್ಟರ್. ದೇವ್ರ ಮನೇಲಿ ನಿಂತು ನಾನು ಸುಳ್ಳು ಹೇಳಲ್ಲ."

ಸಭೆ ಗುಜುಗುಜು ಎಂದಿತು. "ವಿಶ್ವಾಸ ಸಾಲ್ದು ಸಿಸ್ಟರ್," ಎಂದರು ಪಾಸ್ಟರು ಮೆಲ್ಲಗೆ.

"ಇರೋಷ್ಟನ್ನೇ ತಗೊಂಡು ಆಸ್ಪತ್ರೆಗೆ ಹೋಗ್ತೀವಿ. ಇಲ್ಲಿಂದ ನೀವೆಲ್ಲ ಪ್ರಾರ್ಥನೆ ಮಾಡಿ."

ಮೈಕು ಕೆಳಗಿಟ್ಟು ಅವಳು ಗಂಡನ ಮುಂದೆ ಬಂದು ನಿಂತಳು. ಗದರಿಯಾನು ಎಂದುಕೊಂಡಿದ್ದಳು. ಅವನು ತಲೆ ಎತ್ತಲಿಲ್ಲ. ಎಲ್ಲರಿಗೂ ಕೇಳಿಸುವ ಹಾಗೆಯೇ ಕೇಳಿದ:

"ಬೆರಳಷ್ಟೇ ಹೋಗುತ್ತೋ, ಕಾಲೂ ಹೋಗುತ್ತೋ?"

"ಗೊತ್ತಿಲ್ಲ ಕಣ್ರೀ," ಎಂದಳು. "ಹೋಗಿ ಕೇಳೋಣ."

ಅವನು ಮೈಭಾರವನ್ನೆಲ್ಲ ಅವಳ ಹೆಗಲಿಗೆ ಬಿಟ್ಟು ಎದ್ದ.