ಅಂಚು ನೆಗ್ಗಿದ ಪದಕ

ನಮ್ಮಣ್ಣ ಒಂದು ಕಡೆ ಕೂತವನಲ್ಲ. ಹಳೆಯ ಸೈನಿಕ ಪದಕ ಎಲ್ಲೋ ಇದೆಯೆಂದು ಸುದ್ದಿ ಬಂದರೆ ಸಾಕು, ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಹೊರಡುತ್ತಾನೆ. ತಂದದ್ದನ್ನು ಕೈಗವಸಿಲ್ಲದೆ ಯಾರೂ ಮುಟ್ಟುವಂತಿಲ್ಲ. ಬೆರಳಿನ ಬೆವರು ಲೋಹಕ್ಕೆ ವಿಷವಂತೆ. ಮಕ್ಕಳ ಮೂಗು ಒರೆಸದವನು ಪದಕ ಒರೆಸುತ್ತಾನೆ ಎಂದು ಅತ್ತಿಗೆ ಗೊಣಗುವುದರಲ್ಲಿ ತಪ್ಪೇನಿಲ್ಲ.

ಅವನ ಗಾಜಿನ ಪೆಟ್ಟಿಗೆಯಲ್ಲಿ ಅಪ್ಪನದೂ ಒಂದಿತ್ತು. ಯುದ್ಧದಲ್ಲಿ ಸೇತುವೆ ಕಾದ ತುಕಡಿಯಲ್ಲಿ ಬದುಕಿ ಉಳಿದವರಿಗೆಂದು ಮಾಡಿಸಿದ ಕಂಚಿನ ಸ್ಮಾರಕ ಪದಕ, ಬಲು ಅಪರೂಪದ್ದು. ಕಣ್ಣು ಹೋಗಿ ಹಾಸಿಗೆ ಹಿಡಿದಿದ್ದ ಅಮ್ಮ ಒಂದು ದಿನ ಅದನ್ನು ಕೇಳಿದಳು. ಅಣ್ಣ ತಂದುಕೊಟ್ಟ. ಅಮ್ಮ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ಮತ್ತೆ ಮತ್ತೆ ಆಡಿಸಿದಳು.

“ಇದು ನಿಮ್ಮಪ್ಪಂದಲ್ಲ. ಅದರ ಅಂಚು ನೆಗ್ಗಿತ್ತು.”

ಅಣ್ಣನ ಮುಖ ಬಿಳಿಚಿತು. “ಅದೇ ಥರದ್ದೇ ಅಮ್ಮ, ಇದು ಒಳ್ಳೇ ಸ್ಥಿತೀಲಿದೆ. ನೆಗ್ಗಿದ್ದರ ಜೊತೆ ಇನ್ನೆರಡು ಸೇರಿಸಿ ಕೊಟ್ಟು ಬದಲಾಯಿಸ್ಕೊಂಡೆ. ಪದಕ ಕೂಡಿಡೋರೆಲ್ಲ ಹಾಗೇ ಮಾಡೋದು.”

“ಹಾಗಾದ್ರೆ ನನ್ನನ್ನೂ ಬದಲಾಯಿಸ್ಕೊಂಡು ಬಾ. ನಾನೂ ಒಳ್ಳೇ ಸ್ಥಿತೀಲಿಲ್ಲ.”

ನನಗೆ ನಗು ಬಂತು, ಅವನ ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು. ಅಮ್ಮ ಊಟ ಬಿಟ್ಟಳು. ಬರಿಯ ಅಂಗೈಯನ್ನು ಹೊದಿಕೆಯ ಮೇಲೆ ಬಿಡಿಸಿ ಇಟ್ಟುಕೊಂಡೇ ಮಲಗಿದಳು. ಅಣ್ಣ ಮುಳ್ಳಿನ ಮೇಲೆ ನಿಂತವನಂತೆ ಬಾಗಿಲಿಗೂ ಕಿಟಕಿಗೂ ಓಡಾಡಿದ, ಫೋನು ಮಾಡಿದ, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದ.

ಸಂಜೆ ಅಪ್ಪನ ಪದಕವನ್ನೇ ತಂದ. ಹಿಂಬದಿಯಲ್ಲಿ ಕೆತ್ತಿದ ಅಪ್ಪನ ಹೆಸರು ನಾನೇ ಓದಿದೆ. ಅಮ್ಮ ಸವರಿ ನೋಡಿ ತಲೆಯಾಡಿಸಿದಳು.

“ಇದೂ ಅಲ್ಲ.”

“ಇದೇ ಅಮ್ಮ,” ಎಂದ ಅಣ್ಣ. “ತಗೊಂಡಿದ್ದವರು ಚೆನ್ನಾಗಿ ಕಾಣ್ಲಿ ಅಂತ ಅಂಚು ತಟ್ಟಿಸಿ ನೇರ ಮಾಡ್ಸಿಬಿಟ್ಟಿದ್ದಾರೆ.”

ಅಮ್ಮ ಹೇಳಿದಳು: “ಆ ನೆಗ್ಗು ಯುದ್ಧದ್ದಲ್ಲ ಕಣೋ. ಚಿಕ್ಕವನಿದ್ದಾಗ ಬಾದಾಮಿ ಕಾಯಿ ಒಡೆಯೋಕೆ ನೀನೇ ಅದರ ಅಂಚನ್ನ ಕಾಯಿ ಮೇಲಿಟ್ಟು ಕಲ್ಲಲ್ಲಿ ಕುಟ್ಟಿದ್ದು. ನಾನು ಬೈಯೋಕೆ ಹೋದ್ರೆ ಅಪ್ಪ ತಡೆದ್ರು. ಈಗಲಾದ್ರೂ ಒಂದು ಒಳ್ಳೇ ಕೆಲಸಕ್ಕೆ ಬಂತು ಬಿಡೇ ಅಂದ್ರು. ಆ ಯುದ್ಧದಿಂದ ಬಂದ್ಮೇಲೆ ಅವರು ನಕ್ಕಿದ್ದು ಅವತ್ತೇ ಮೊದಲು.”

ಅಣ್ಣ ಕೈಗವಸು ಕಳಚಿದ. ಹಿತ್ತಲಿನಿಂದ ಕಲ್ಲು ತಂದು, ಪದಕವನ್ನು ಹೊಸ್ತಿಲ ಮೇಲೆ ಠಣ್ಣೆಂದು ನಿಲ್ಲಿಸಿ ಹಿಡಿದು, ಕಲ್ಲೆತ್ತಿದ. ಹೊಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತ.

“ಕುಟ್ಟೋ,” ಎಂದಳು ಅಮ್ಮ ಹಾಸಿಗೆಯಿಂದ, “ಬೆರಳು ಜೋಪಾನ.”