ಯಾವ ರಾಣಿ?

ಸುಜಾತಾ ಹತ್ತನೇ ಪಾಸಾದ ವರ್ಷ, ಹತ್ತಿ ಬಿಡಿಸಿದ ಕೂಲಿಯಲ್ಲಿ ಫೋನು ಕೊಡಿಸಿದ ತಾಯಿ ಮರಿಲಿಂಗಮ್ಮ ಒಂದು ಮಾತು ಕೊಟ್ಟಿದ್ದಳು: "ನಿನ್ನ ಫೋನಿನ್ಯಾಗ ನಾ ಇಣುಕಂಗಿಲ್ಲ, ಯಾರಿಗೂ ಇಣುಕಾಕ ಬಿಡಂಗಿಲ್ಲ." ಆ ಖುಷಿಯಲ್ಲಿ ಮಗಳು ಲಾಕ್ ತೆಗೆಯುವ ಗೆರೆಯನ್ನೇ ತೋರಿಸಿಬಿಟ್ಟಿದ್ದಳು. ಒಂಬತ್ತು ಚುಕ್ಕಿಯ ಮೇಲೆ ಒಂದೇ ಗೆರೆ; ದಿನಾ ರಂಗೋಲಿ ಹಾಕುವವಳು ಮರೆಯುವಂಥದ್ದಲ್ಲ.

ಈಗ ಸುಜಾತಾ ಬಸ್ಸಿನಲ್ಲಿ ಓಡಾಡಿ ಶಹಾಪುರದಲ್ಲಿ ಕಾಲೇಜು ಓದುತ್ತಿದ್ದಳು. ಆ ಸಂಜೆ ಕಾಲುವೆ ಕೆಳಗಿನ ಗದ್ದೆಯಲ್ಲಿ ಭತ್ತದ ನಾಟಿ ಮುಗಿಸಿ ಮರಿಲಿಂಗಮ್ಮ ಮನೆಗೆ ಬಂದರೆ, ಗಂಡನ ಅಣ್ಣ ಅಂಬ್ರಪ್ಪ ಮಗಳ ಫೋನು ಹಿಡಿದು ಕೂತಿದ್ದ.

"'ಲಗೂ ಬಾ, ನಾ ಒಬ್ಬಾಕಿನ ಅದೀನಿ' ಅಂತ ನಿನ್ನ ಮಗಳು ಫೋನಿನ್ಯಾಗ ಯಾವನನ್ನೋ ಕರ್ಯಾಕತ್ತಿದ್ಲು. ಅಕಿ ಲಾಕ್ ತೆಗಿಯಾಕ ಒಲ್ಲೆ ಅಂತಾಳ, ನೀ ತೆಗಿ. ಇಲ್ಲಂದ್ರ ನಾಳಿಂದ ಕಾಲೇಜು ಬಂದ್."

"ಗೇಮ್ ರೀ ದೊಡ್ಡಪ್ಪ! ವೈರಿಗೋಳು ಸುತ್ತಗಟ್ಟಿದ್ರು, ನಮ್ಮ ಟೀಮಿನವರನ್ನ ಕರದೆ," ಎಂದಳು ಸುಜಾತಾ.

ನಿಜವೋ ಸುಳ್ಳೋ ಮರಿಲಿಂಗಮ್ಮನಿಗೂ ಗೊತ್ತಿರಲಿಲ್ಲ. ಒಂದು ಗೆರೆ ಎಳೆದರೆ ಗೊತ್ತಾಗುತ್ತಿತ್ತು. ಕೆಸರು ಒಣಗಿದ ಬೆರಳು ತುರಿಸಿತು. ಅವಳು ಫೋನು ಕಿತ್ತುಕೊಂಡು ಮಗಳ ಕೈಗಿಟ್ಟಳು.

"ಭಾವ, ಕಟ್ಟಿ ಮ್ಯಾಲ ಇಸ್ಪೀಟ್ ಆಡುವಾಗ 'ರಾಣಿ ನನ್ನ ಕೈಯಾಗದಾಳ' ಅಂತ ಊರಿಗೆಲ್ಲಾ ಕೇಳಂಗ ಒದರ್ತೀರಿ. ಯಾವ ರಾಣಿ ಅಂತ ನಿಮ್ಮ ಮನ್ಯಾಗಿನ ಅಕ್ಕ ಕಿಸೆ ತಡಕ್ಯಾಳೇನು?"

"ಅದು ಆಟ!"

"ಇದೂ ಆಟರಿ. ನಾಳಿ ಅಕಿ ಕಾಲೇಜಿಗೆ ಹೋಗ್ತಾಳ. ನಾನ ಬಸ್ ಹತ್ತಸ್ತೀನಿ."

ಅಂಬ್ರಪ್ಪ ಚಪ್ಪಲಿ ಮೆಟ್ಟಿ ಗೊಣಗುತ್ತ ಹೋದ. ಸುಜಾತಾ ಲಾಕ್ ತೆಗೆದು ಫೋನು ಮುಂದೆ ಹಿಡಿದಳು. "ನೀನಾರ ನೋಡಬೇ ಯವ್ವಾ."

"ಒಲ್ಲೆ," ಎಂದು ಮರಿಲಿಂಗಮ್ಮ ಕೈ ತೊಳೆಯಲು ಹೋದಳು. ಕೊಟ್ಟ ಮಾತು ಉಳಿಯಿತು.